ಪ್ಯಾರಿಸ್ ಎಂದು ಕೆತ್ತುವ ಊರು

ನನ್ನ ಸೋದರಮಾವ ಬಂಟ್ವಾಳದ ಕಡೆಯ ಸ್ಯಾಕ್ಸೊಫೋನ್ ವಾದಕರು. ಮದುವೆಯ ದಿಬ್ಬಣ, ಗೃಹಪ್ರವೇಶ, ದೇವಸ್ಥಾನದ ಬಲಿ, ರಾತ್ರಿಯ ಕೋಲ, ಎಲ್ಲದಕ್ಕೂ ಅವರಿಗೆ ಕರೆ ಬರುತ್ತದೆ. ಅವರ ವಾದ್ಯದ ಅರಳಿದ ಬಾಯಿಯ ಮೇಲೆ ಹೂಬಳ್ಳಿಯ ನಡುವೆ ‘ಹೆನ್ರಿ ಸೆಲ್ಮರ್ ಪ್ಯಾರಿಸ್’ ಎಂದು ಕೆತ್ತಿದೆ. ಚಿಕ್ಕಂದಿನಲ್ಲಿ ನಾವು ಮಕ್ಕಳೆಲ್ಲ ಆ ಅಕ್ಷರಗಳ ಮೇಲೆ ಬೆರಳಾಡಿಸಿ ಬೈಸಿಕೊಂಡವರೇ. ಮದ್ರಾಸಿನಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ಮಾವ ಸಾಲ ಮಾಡಿ ಕೊಂಡು ತಂದದ್ದು. ಅದು ನಿಜಕ್ಕೂ ಪ್ಯಾರಿಸಿನದ್ದೇ ಎಂಬ ವಿಷಯದಲ್ಲಿ ನಮ್ಮ ನೆಂಟರಲ್ಲಿ ಎರಡು ಪಕ್ಷಗಳಿವೆ. ಬ್ಯಾಂಡ್ ವಾದ್ಯಗಳಿಗೆ ಹೆಸರಾದ ಮೀರತ್‌ನಲ್ಲಿ ಯಾರೋ ತಯಾರಿಸಿ, ಮೇಲೊಂದು ದೊಡ್ಡ ಹೆಸರು ಕೆತ್ತಿ ಮಾರಿದ್ದಾರೆ ಎಂಬುದು ವಿರೋಧ ಪಕ್ಷದ ವಾದ.

2025ರ ಸೆಪ್ಟೆಂಬರಿನಲ್ಲಿ ತಂಗಿಯ ಮನೆಗೆಂದು ಫ್ರಾನ್ಸಿಗೆ ಹೊರಟಾಗ ಮಾವ ಎರಡು ಕೆಲಸ ಒಪ್ಪಿಸಿದರು. ಒಂದು, ಅವರ ವಾದ್ಯ ಆಲ್ಟೊ ಎಂಬ ಗಾತ್ರದ ಸ್ಯಾಕ್ಸೊಫೋನ್, ಅದರ ಊದುವ ತುದಿಗೆ ಕಟ್ಟುವ ಎರಡೂವರೆ ನಂಬರಿನ ರೀಡ್ ತರುವುದು. ಇನ್ನೊಂದು, ವಾದ್ಯದ ಬೆನ್ನಿನ ಮೇಲಿರುವ ಸಂಖ್ಯೆಯನ್ನು ತಿಳಿದವರು ಯಾರಿಗಾದರೂ ತೋರಿಸುವುದು. ಮೊಬೈಲಿಗೆ ಹನ್ನೊಂದು ಫೋಟೊ ಬಂದವು, ಜೊತೆಗೆ ಅವರು ಒಂದು ಮದುವೆಯಲ್ಲಿ ಕಲ್ಯಾಣಿ ನುಡಿಸಿದ ವಿಡಿಯೊ. “ವಿಡಿಯೊ ಯಾಕೆ ಮಾವ?” ಎಂದು ಕೇಳಿದೆ. “ಇರಲಿ ಮಾರಾಯಾ, ಬೇಕಾಗುತ್ತದೆ” ಎಂದರು.

ತಂಗಿಯ ಮನೆ ಇರುವುದು ಪ್ಯಾರಿಸಿನ ಪಶ್ಚಿಮಕ್ಕೆ, ಪ್ವಾಸ್ಸಿ ಎಂಬಲ್ಲಿ. ಬಂದ ರಾತ್ರಿಯೇ ಭಾವನಿಗೆ ನನ್ನ ಯೋಜನೆ ವಿವರಿಸಿದೆ: ಪ್ಯಾರಿಸಿನಲ್ಲಿ ಸೆಲ್ಮರ್ ಕಾರ್ಖಾನೆ ಹುಡುಕಬೇಕು. ಆತ ಅನ್ನ ಕಲಸುವುದನ್ನು ನಿಲ್ಲಿಸಿ ನಕ್ಕ. “ಪ್ಯಾರಿಸಿನಲ್ಲಿ ಎಲ್ಲಿ ಹುಡುಕುತ್ತೀರಿ ಭಾವ? ಅದು ತಯಾರಾಗುವುದು ನಮ್ಮ ರೈಲಿನ ಕೊನೆಯ ಸ್ಟೇಷನ್ನಿನಲ್ಲಿ. ನಾನು ದಿನಾ ಹತ್ತುವ ರೈಲಿನ ಹಣೆಯ ಮೇಲೆ ಬರೆದಿರುತ್ತದೆ, ಮಾಂತ್ ಎಂದು.”

ಮೊದಲ ದಿನ: ಸಮಾಧಿ ಮತ್ತು ರೀಡ್

ಕೊನೆಯ ಸ್ಟೇಷನ್ನಿಗೆ ಹೋಗುವ ಮೊದಲು ಮೊದಲ ಸ್ಟೇಷನ್ನಿನಿಂದ ಶುರು ಮಾಡೋಣ ಎಂದಳು ತಂಗಿ. ಸಾಂ-ಲಜಾರ್ ಪ್ಯಾರಿಸಿನ ಹಳೆಯ ರೈಲು ನಿಲ್ದಾಣ. ಹಳಿಗಳ ಪಕ್ಕದಲ್ಲೇ ಸಾಗುವ ರೋಮ್ ರಸ್ತೆಯಲ್ಲಿ ಪಿಟೀಲು ಮಾಡುವವರ, ರಿಪೇರಿ ಮಾಡುವವರ ಅಂಗಡಿಗಳು ಒತ್ತಾಗಿ ಕೂತಿವೆ. ಗಾಜಿನಾಚೆ ಹೊಟ್ಟೆ ತೆರೆದ ಒಂದು ಚೆಲ್ಲೊ ಮಲಗಿತ್ತು, ಆಸ್ಪತ್ರೆಯಲ್ಲಿ ಮಲಗಿಸಿದ ಹಾಗೆ.

ಅಲ್ಲಿಂದ ಮೊಂಮಾರ್ತ್ ಸ್ಮಶಾನಕ್ಕೆ ನಡೆದೆವು. ಸ್ಮಶಾನದ ಮೇಲೆಯೇ ಒಂದು ಕಬ್ಬಿಣದ ಸೇತುವೆ ಹಾದುಹೋಗುತ್ತದೆ. ಸಮಾಧಿಗಳ ನೆತ್ತಿಯ ಮೇಲೆ ಬಸ್ಸು, ಕಾರು. ಅದೇ ಸ್ಮಶಾನದಲ್ಲಿ ಅಡಾಲ್ಫ್ ಸ್ಯಾಕ್ಸ್ ಇದ್ದಾನೆ. ಬೆಲ್ಜಿಯಂನ ದಿನಾನ್ ಎಂಬ ಊರಿನಲ್ಲಿ 1814ರಲ್ಲಿ ಹುಟ್ಟಿ, 1842ರಲ್ಲಿ ಪ್ಯಾರಿಸಿಗೆ ಬಂದು, 1846ರಲ್ಲಿ ಸ್ಯಾಕ್ಸೊಫೋನಿಗೆ ಪೇಟೆಂಟ್ ಪಡೆದವನು. ತನ್ನ ಹೆಸರನ್ನೇ ಒಂದು ವಾದ್ಯಕ್ಕೆ ಕೊಟ್ಟು ಹೋದ ಈತ ಬದುಕಿದ್ದಾಗ ಮೂರು ಸಲ ದಿವಾಳಿಯಾದ. ಪ್ರತಿಸ್ಪರ್ಧಿಗಳು ಅವನ ಪೇಟೆಂಟುಗಳ ವಿರುದ್ಧ ವರ್ಷಗಟ್ಟಲೆ ವ್ಯಾಜ್ಯ ಹೂಡಿದರು. 1894ರಲ್ಲಿ ಸತ್ತಾಗ, ಅವನ ವಾದ್ಯ ಬಹುಪಾಲು ಸೇನೆಯ ಬ್ಯಾಂಡುಗಳಲ್ಲಿ ಊದುವ ಒಂದು ಕೊಳವೆಯಾಗಿಯೇ ಉಳಿದಿತ್ತು. ಜಾಜ್ ಇನ್ನೂ ಹುಟ್ಟಿರಲಿಲ್ಲ. ಕದ್ರಿ ಗೋಪಾಲನಾಥರು ಹುಟ್ಟಲು ಇನ್ನೂ 55 ವರ್ಷ ಇತ್ತು.

ಗೋಪಾಲನಾಥರ ಹೆಸರು ಸುಮ್ಮನೆ ಬಂದದ್ದಲ್ಲ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮರುಳಾದ ನಾಗಸ್ವರ ವಾದಕರ ಮಗ ಅವರು. ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಲು ವರ್ಷಗಳನ್ನೇ ತೆತ್ತು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದ ವೇದಿಕೆಯವರೆಗೆ ಕೊಂಡೊಯ್ದರು. ಇವತ್ತು ದಕ್ಷಿಣ ಕನ್ನಡದಲ್ಲಿ ಸ್ಯಾಕ್ಸೊಫೋನ್ ಇಲ್ಲದ ಮದುವೆ ಹುಡುಕಬೇಕು. ಮಾವನಂಥ ನೂರಾರು ಜನರ ಅನ್ನಕ್ಕೆ ದಾರಿಯಾದದ್ದು ಆ ಒಬ್ಬರ ಹಟ. ಸ್ಯಾಕ್ಸ್‌ನ ಸಮಾಧಿಯ ಮುಂದೆ ನಾನು ಚಪ್ಪಲಿ ಕಳಚಿದ್ದನ್ನು ನೋಡಿ ತಂಗಿ, “ಅಣ್ಣ, ಇಲ್ಲಿ ಯಾರೂ ಹಾಗೆ ಮಾಡುವುದಿಲ್ಲ” ಎಂದಳು. ಮಾಡಿದರೆ ಏನಂತೆ.

ಹತ್ತಿರದ ಲೆಪಿಕ್ ರಸ್ತೆಯ ಏರಿನಲ್ಲಿ ವಾಂಡೊರೆನ್ ಅಂಗಡಿ. 1905ರಿಂದ ರೀಡ್ ಮಾಡುತ್ತಿರುವ ಮನೆತನ. ರೀಡ್ ಎಂದರೆ ಫ್ರಾನ್ಸಿನ ದಕ್ಷಿಣದ ವಾರ್ ಪ್ರಾಂತ್ಯದಲ್ಲಿ ಬೆಳೆಯುವ ಒಂದು ಜಾತಿಯ ಲಾಳದ ಕಡ್ಡಿಯ ಸೀಳು. ತುದಿಯಲ್ಲಿ ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದಿರುತ್ತಾರೆ. ಮನೆಯಲ್ಲಿ ಮಾವ ಇದನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಒದ್ದೆ ಮಾಡುತ್ತ, ಮಾತಾಡಿದರೆ ಬರೀ ‘ಹೂಂ’ ಎನ್ನುತ್ತ ಕೂರುವುದು ನೆನಪಾಯಿತು. ಸಾಲಿನಲ್ಲಿ ನಿಂತು, ಎರಡೂವರೆ ಎಂದು ಬರೆದಿದ್ದ ಐದು ರೀಡಿನ ಪೆಟ್ಟಿಗೆಗಳನ್ನು ನಾಲ್ಕು ಎತ್ತಿಕೊಂಡು, ದೊಡ್ಡ ಕೆಲಸ ಮುಗಿಸಿದವನಂತೆ ಹೊರಬಂದೆ. ಇದರ ಕಥೆ ಮುಂದೆ ಇದೆ.

ಎರಡನೆಯ ದಿನ: ಗಾಜಿನೊಳಗಿನ ಗಿಟಾರು

ಪ್ಯಾರಿಸಿನ ಈಶಾನ್ಯ ಮೂಲೆಯ ಲಾ ವಿಲೆತ್ ಉದ್ಯಾನದಲ್ಲಿ ಸಂಗೀತ ವಾದ್ಯಗಳ ಸಂಗ್ರಹಾಲಯವಿದೆ. ಸ್ಯಾಕ್ಸ್ ಮಾಡಿದ ವಾದ್ಯಗಳಿಗೇ ಒಂದು ಭಾಗ. ಸ್ಯಾಕ್ಸೊಫೋನ್ ಬಿಟ್ಟು ಈ ಮನುಷ್ಯ ಇನ್ನೆಷ್ಟು ಬಗೆಯ ಕೊಳವೆಗಳನ್ನು ಬಗ್ಗಿಸಿದ್ದಾನೆ! ಕೆಲವಕ್ಕೆ ಒಂದರ ಬದಲು ಏಳು ಬಾಯಿ, ಎಲ್ಲ ದಿಕ್ಕಿಗೂ ತಿರುಗಿವೆ. ಕಾರಂಜಿಯ ಕೊಳಾಯಿ ಎಂದರೂ ನಂಬಬಹುದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಗಿಟಾರು. ಜಾಜ್ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ನುಡಿಸಿದ 503ನೆಯ ಸಂಖ್ಯೆಯ ಸೆಲ್ಮರ್. 1928ರಲ್ಲಿ ವಾಸದ ಬಂಡಿಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಸೆಟೆದುಹೋದ ಮೇಲೂ ಉಳಿದೆರಡು ಬೆರಳಿನಲ್ಲಿ ಆತ ಜಗತ್ತನ್ನೇ ಬೆರಗುಗೊಳಿಸಿದ. ಅವನು ತೀರಿಕೊಂಡ ಮೇಲೆ ಹೆಂಡತಿ ಈ ಗಿಟಾರನ್ನು ದಾನ ಕೊಟ್ಟರು. ಸ್ಯಾಕ್ಸೊಫೋನ್ ಕಂಪನಿಗೂ ಗಿಟಾರಿಗೂ ಏನು ನಂಟು? 1932ರಲ್ಲಿ ಮಾರಿಯೊ ಮಕ್ಕಫೆರ್ರಿ ಎಂಬ ಇಟಲಿಯ ಗಿಟಾರ್ ವಾದಕ ಒಂದು ವಿನ್ಯಾಸ ಹಿಡಿದು ಬಂದಾಗ ಸೆಲ್ಮರ್ ಅದನ್ನು ತಯಾರಿಸಲು ಒಪ್ಪಿತು. 1952ರವರೆಗೆ ಒಟ್ಟು ಸಾವಿರವನ್ನೂ ಮುಟ್ಟದ ಸಂಖ್ಯೆಯಲ್ಲಿ ತಯಾರಾಗಿ ನಿಂತುಹೋಯಿತು. ತಯಾರಾದ ಊರು? ಮತ್ತೆ ಅದೇ ಮಾಂತ್-ಲಾ-ವಿಲ್.

ಮೂರನೆಯ ದಿನ: ಮೋರಿಸ್ ಬೆರ್ತೋ ರಸ್ತೆ

ಪ್ವಾಸ್ಸಿಯಿಂದ ಬೆಳಿಗ್ಗೆ ಜೆ ಮಾರ್ಗದ ರೈಲು ಹತ್ತಿದೆವು. ಆ ವರ್ಷದ ಜನವರಿಯಿಂದ ಪ್ಯಾರಿಸ್ ಪ್ರಾಂತ್ಯದಲ್ಲಿ, ವಿಮಾನ ನಿಲ್ದಾಣಗಳನ್ನು ಬಿಟ್ಟರೆ, ಎಷ್ಟೇ ದೂರ ಹೋದರೂ ರೈಲಿಗೆ ಒಂದೇ ದರ, ಆಗ 2.50 ಯೂರೋ ಇತ್ತು. ರೈಲು ಸೀನ್ ನದಿಯ ಎಡದಂಡೆಯ ಗುಂಟ ಪಶ್ಚಿಮಕ್ಕೆ ಹೋಗುತ್ತದೆ. ಪ್ರವಾಸಿ ಪುಸ್ತಕಗಳು ಈ ಕಣಿವೆಯನ್ನು ಹಾರಿಸಿ ನೇರ ಚಿತ್ರಕಾರ ಮೋನೆಯ ತಾವರೆಕೊಳಕ್ಕೆ ಹೋಗಿಬಿಡುತ್ತವೆ. ನಡುವೆ ಇರುವುದು ದುಡಿಯುವ ಊರುಗಳು. ಪ್ವಾಸ್ಸಿಯಲ್ಲಿ ಕಾರು, ಲೇ ಮ್ಯುರೋದಲ್ಲಿ ಏರಿಯಾನ್ ರಾಕೆಟ್ಟಿನ ಭಾಗಗಳು, ಮುಂದೆ ಫ್ಲ್ಯಾಂನಲ್ಲಿ 2024ರವರೆಗೆ ಹೊಸ ಕಾರು ತಯಾರಿಸುತ್ತಿದ್ದ ಕಾರ್ಖಾನೆ, ಕೊನೆಗೆ ಕ್ಲಾರಿನೆಟ್. ಬೆಳಗಿನ ಪಾಳಿಗೆ ಹೋಗುವವರು ಕಿಟಕಿಗೆ ತಲೆ ಆನಿಸಿ ನಿದ್ದೆ ಹೊಡೆಯುತ್ತಿದ್ದರು. ಮಂಗಳೂರು-ಕಬಕ ಲೋಕಲ್ ರೈಲಿನ ಮುಖಗಳೇ.

ಇಳಿಯುವುದು ಮಾಂತ್-ಲಾ-ಜೋಲಿ ಸ್ಟೇಷನ್ನಿನಲ್ಲಿ. ‘ಜೋಲಿ’ ಎಂದರೆ ಚೆಲುವೆ. ಸ್ಟೇಷನ್ನಿನ ಉತ್ತರಕ್ಕೆ, ನದಿಯ ಕಡೆ, ಚೆಲುವೆ ಮಾಂತ್. ಹಳಿಯ ದಕ್ಷಿಣಕ್ಕೆ ಮಾಂತ್-ಲಾ-ವಿಲ್, ಅಂದರೆ ಬರೀ ಊರು ಮಾಂತ್. ಹೆಸರು ಇಟ್ಟವರು ಮುಖಸ್ತುತಿ ಮಾಡಿಲ್ಲ. ಇಪ್ಪತ್ತು ಸಾವಿರದಷ್ಟು ಜನವಸತಿ, ನಾಲ್ಕೈದು ಮಹಡಿಯ ವಸತಿ ಕಟ್ಟಡಗಳು, ಹೆಂಚಿನ ಪುಟ್ಟ ಮನೆಗಳು, ವಾಹನ ತರಬೇತಿ ಶಾಲೆ, ಹಲಾಲ್ ಮಾಂಸದ ಅಂಗಡಿ, ಔಷಧಿ ಅಂಗಡಿಯ ಮಿನುಗುವ ಹಸಿರು ಶಿಲುಬೆ. ಸ್ಟೇಷನ್ನಿನಿಂದ ಹೊರಟ ನಮಗೆ ದಾರಿ ಹೇಳಿದ ಹುಡುಗನಿಗೆ ಸೆಲ್ಮರ್ ಎಂದರೆ ಬಸ್ಸಿನಿಂದ ಕಾಣುವ ಒಂದು ಗೋಡೆ, ಅಷ್ಟೆ.

ಮೋರಿಸ್ ಬೆರ್ತೋ ರಸ್ತೆಗೆ ಹೆಸರು ಕೊಟ್ಟವರು ಫ್ರಾನ್ಸಿನ ಯುದ್ಧ ಮಂತ್ರಿಯಾಗಿದ್ದವರು. 1911ರಲ್ಲಿ ಪ್ಯಾರಿಸ್-ಮಾದ್ರಿದ್ ವಿಮಾನ ಸ್ಪರ್ಧೆಯ ಉದ್ಘಾಟನೆ ನೋಡಲು ಹೋದಾಗ ವಿಮಾನವೊಂದು ಬಂದು ಬಡಿದು ಸತ್ತರು. ವಾದ್ಯಕ್ಕೂ ಅವರಿಗೂ ಸಂಬಂಧವಿಲ್ಲ. ಆದರೆ ಅವರ ಹೆಸರು ಹೊತ್ತ ಈ ಸಾಧಾರಣ ರಸ್ತೆಯ 5ನೆಯ ಸಂಖ್ಯೆಯಲ್ಲಿ ಬುಫೆ ಕ್ರಾಂಪೋಂ ಎಂಬ ಕ್ಲಾರಿನೆಟ್ ಕಂಪನಿ ಇದೆ, 25ನೆಯ ಸಂಖ್ಯೆಯಲ್ಲಿ ಹೆನ್ರಿ ಸೆಲ್ಮರ್. ಜಗತ್ತಿನ ದೊಡ್ಡ ವಾದ್ಯವೃಂದಗಳಲ್ಲಿ ಕ್ಲಾರಿನೆಟ್ ಹಿಡಿದವರ ಕೈಯಲ್ಲಿ ಬಹುತೇಕ ಇರುವುದು ಮೊದಲನೆಯ ಮನೆಯದ್ದು. ಜಾಜ್ ದಿಗ್ಗಜರಾದ ಜಾನ್ ಕೋಲ್ಟ್ರೇನ್, ಸನ್ನಿ ರಾಲಿನ್ಸ್ ಊದಿದ್ದು ಎರಡನೆಯ ಮನೆಯದ್ದು. ಎರಡಕ್ಕೂ ನಡುವೆ ಒಂದು ಬೀಡಿ ಸೇದಿ ಮುಗಿಸುವಷ್ಟು ದೂರ ಇಲ್ಲ.

ಗೇಟಿನಾಚೆ ಹೋಗುವ ಆಸೆ ಇಟ್ಟುಕೊಂಡಿರಲಿಲ್ಲ. ಇವು ಕೆಲಸ ನಡೆಯುವ ಕಾರ್ಖಾನೆಗಳು, ಟಿಕೆಟ್ ಕೊಂಡು ಸುತ್ತುವ ಜಾಗಗಳಲ್ಲ. ರಸ್ತೆಯ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದೆವು. ಎರಡನೆಯ ಸಲ ತಂಗಿ ನನ್ನ ಅಂಗಿ ಹಿಡಿದು ನಿಲ್ಲಿಸಿದಳು. ಎಲ್ಲೋ ತೆರೆದ ಕಿಟಕಿಯಿಂದ ಕ್ಲಾರಿನೆಟ್. ಕೆಳಗಿನಿಂದ ಮೇಲಕ್ಕೆ ಒಂದು ಓಟ, ಮೇಲಿನ ಒಂದು ಸ್ವರದಲ್ಲಿ ನಿಲುಗಡೆ, ಮೌನ. ಮತ್ತೆ ಅದೇ ಓಟ, ಅದೇ ಸ್ವರ, ಮೌನ. ಸ್ವಲ್ಪ ಹೊತ್ತಿನ ಮೇಲೆ ಅದೇ ಓಟ ಇನ್ನೊಂದು ವಾದ್ಯದಲ್ಲಿ. ಹಾಡುತ್ತಿರಲಿಲ್ಲ ಅವರು, ಪರೀಕ್ಷಿಸುತ್ತಿದ್ದರು. ಅಕ್ಕಸಾಲಿಗ ಚಿನ್ನವನ್ನು ಒರೆಗೆ ಹಚ್ಚುವಂತೆ ಪ್ರತಿ ವಾದ್ಯವನ್ನೂ ಒಂದೇ ಗೆರೆ ಎಳೆದು ನೋಡುವುದು. ಎದುರಿನ ಮನೆಯ ಮುದುಕಿ ಅದನ್ನು ಕೇಳದಂತೆ ಕಿಟಕಿಯ ಗಾಜು ಒರೆಸುತ್ತಿದ್ದಳು. ಎಷ್ಟು ವರ್ಷದಿಂದ ಕೇಳುತ್ತಿದ್ದಾಳೋ.

ಬುಫೆಯ ಕಥೆ 1825ರಲ್ಲಿ ಪ್ಯಾರಿಸಿನಲ್ಲಿ ಶುರುವಾಗುತ್ತದೆ. ದೆನಿ ಬುಫೆ ಎಂಬ ಕುಶಲಿ ಹಾಕಿದ ಸಣ್ಣ ಕಾರ್ಯಾಗಾರ. ಮಗ ಝಾಂ-ಲೂಯಿ 1836ರಲ್ಲಿ ಜೊಯೆ ಕ್ರಾಂಪೋಂ ಎಂಬಾಕೆಯನ್ನು ಮದುವೆಯಾಗಿ ಹೆಂಡತಿಯ ಮನೆಹೆಸರನ್ನು ತನ್ನದಕ್ಕೆ ಜೋಡಿಸಿಕೊಂಡ. ಅದೇ ಮನೆತನದ ಓಗ್ಯುಸ್ತ್ ಬುಫೆಯೂ ಇಯಾಸಿಂತ್ ಕ್ಲೋಜೆ ಎಂಬ ವಾದಕನೂ ಸೇರಿ ರೂಪಿಸಿ 1844ರಲ್ಲಿ ಪೇಟೆಂಟ್ ಪಡೆದ 17 ಕೀಲಿಗಳ ಕ್ಲಾರಿನೆಟ್ ಇವತ್ತಿಗೂ ಬಹುಪಾಲು ಜಗತ್ತು ಊದುವ ಕ್ಲಾರಿನೆಟ್. ಅದಕ್ಕೆ ‘ಬೋಮ್ ಪದ್ಧತಿ’ ಎಂದು ಹೆಸರು. ಬೋಮ್ ಎಂಬಾತ ಕೊಳಲು ಸುಧಾರಿಸಿದ ಜರ್ಮನ್ನ, ಕ್ಲಾರಿನೆಟ್ಟಿಗೆ ಕೈ ಹಚ್ಚಿದವನಲ್ಲ. ಹೆಸರಿನ ಲೆಕ್ಕ ಈ ವಾದ್ಯಲೋಕದಲ್ಲಿ ಮೊದಲಿನಿಂದಲೂ ಹೀಗೆಯೇ, ದುಡಿದವರು ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಕಾರ್ಖಾನೆ 1850ರಲ್ಲಿ ಇಲ್ಲಿಗೆ ಬಂತು. 1885ರಲ್ಲಿ ಪ್ಯಾರಿಸಿನಲ್ಲಿ ಶುರುವಾದ ಸೆಲ್ಮರ್, ಮೊದಲ ಮಹಾಯುದ್ಧದ ನಂತರ ಮಾಂತ್ ಸೇರಿತು. ಅಡಾಲ್ಫ್ ಸ್ಯಾಕ್ಸ್‌ನ ಮನೆತನದ ಕಾರ್ಯಾಗಾರವನ್ನು 1920ರ ದಶಕದ ಕೊನೆಗೆ ಅದು ಕೊಂಡುಕೊಂಡಾಗ ಸ್ಯಾಕ್ಸ್‌ನ ವಾರಸುದಾರಿಕೆಯೂ ಈ ಊರಿನ ಪಾಲಾಯಿತು.

ಮಧ್ಯಾಹ್ನ ಹತ್ತಿರದ ಒಂದು ಕಾಫಿ ಅಂಗಡಿಯಲ್ಲಿ ಕೂತೆವು. ಕನ್ನಡದಲ್ಲಿ ಜೋರಾಗಿ ಮಾತಾಡುತ್ತ ಮೊಬೈಲಿನಲ್ಲಿ ಸ್ಯಾಕ್ಸೊಫೋನಿನ ಫೋಟೊ ಹಿಗ್ಗಿಸಿ ನೋಡುತ್ತಿದ್ದ ನಮ್ಮನ್ನು ಪಕ್ಕದ ಮೇಜಿನ ಹಿರಿಯರು ಗಮನಿಸಿರಬೇಕು. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ತಂಗಿ ವಿಷಯ ಹೇಳಿದಳು. ಅವರು ಕುರ್ಚಿ ಎಳೆದುಕೊಂಡೇ ಬಂದರು. ಇದೇ ರಸ್ತೆಯಲ್ಲಿ 38 ವರ್ಷ ಸ್ಯಾಕ್ಸೊಫೋನಿನ ಒಡಲು ಮಾಡಿದವರು, ಈಗ ನಿವೃತ್ತರು. ಅವರ ತಂದೆಯೂ ಅಲ್ಲಿಯೇ ದುಡಿದವರಂತೆ.

ಒಡಲು ಮಾಡುವುದು ಎಂದರೇನು ಎಂದು ಕೇಳಿದೆ. ಅವರು ತಟ್ಟೆಯ ಕೆಳಗಿನ ಕಾಗದದ ಹಾಸನ್ನು ಎಳೆದು, ಓರೆಯಾಗಿ ಸುತ್ತಿ, ಕಡಲೆಕಾಯಿ ಪೊಟ್ಟಣದಂತೆ ಶಂಕು ಮಾಡಿದರು. ಹಿತ್ತಾಳೆಯ ತಗಡನ್ನು ಹೀಗೆ ಉಕ್ಕಿನ ಅಚ್ಚಿನ ಮೇಲೆ ಸುತ್ತಿ, ಅಂಚು ಬೆಸೆದು, ತಟ್ಟುವುದು. ತಟ್ಟಿದಷ್ಟೂ ಹಿತ್ತಾಳೆ ಗಡುಸಾಗುತ್ತದೆ. ಆಗ ಕಾಯಿಸಿ ಮೆದು ಮಾಡಿ ಮತ್ತೆ ತಟ್ಟಬೇಕು. ನಮ್ಮ ಕಂಚುಗಾರರು ಕೊಡಪಾನ ತಟ್ಟುವಾಗ ಮಾಡುವುದೂ ಇದನ್ನೇ ಎಂದೆ. ಅವರು ತಲೆದೂಗಿ ಪೆನ್ನು ತೆಗೆದು ಕಾಗದದ ಕೊಳವೆಗೆ ಸಣ್ಣ ತೂತು ಕೊರೆದರು. ಮತ್ತೆ ಪೆನ್ನಿನ ಹಿಂದಿನ ದಪ್ಪ ತುದಿಯನ್ನು ಕೊಳವೆಯ ಒಳಗಿನಿಂದ ತೂರಿಸಿ ಮೆಲ್ಲಗೆ ಹೊರಕ್ಕೆ ಎಳೆದರು. ತೂತಿನ ಅಂಚು ಹೊರಕ್ಕೆ ಮಡಿಚಿ ಪುಟ್ಟ ಕಟ್ಟೆಯಾಗಿ ನಿಂತಿತು. ಸ್ಯಾಕ್ಸೊಫೋನಿನ ಸ್ವರರಂಧ್ರದ ಸುತ್ತ ಇರುವ ಗೋಡೆ ಹಾಗೆ ಏಳುತ್ತದೆಯೇ ಹೊರತು ಬೇರೆ ಬಳೆ ತಂದು ಅಂಟಿಸಿದ್ದಲ್ಲ. ತೂತಿಗಿಂತ ದೊಡ್ಡದಾದ ಉಕ್ಕಿನ ಉಂಡೆಯನ್ನು ಒಳಗಿನಿಂದ ಹೊರಕ್ಕೆ ಎಳೆದಾಗ ಹಿತ್ತಾಳೆಯೇ ಎದ್ದು ಬರುತ್ತದೆ. ಎಳೆತ ಸ್ವಲ್ಪ ಓರೆಯಾದರೆ ಅಂಚು ಸೀಳುತ್ತದೆ, ಅಷ್ಟೂ ದಿನದ ಕೆಲಸ ಗುಜರಿಗೆ. ಮಾವನ ವಾದ್ಯವನ್ನು ನಲವತ್ತು ವರ್ಷ ನೋಡಿದ್ದೇನೆ. ಆ ಕಟ್ಟೆಗಳನ್ನು ಆ ದಿನವೇ ಕಂಡದ್ದು.

ಆಮೇಲೆ ಫೋಟೊ ಪರೀಕ್ಷೆ. ಸಂಖ್ಯೆ ನೋಡಿ ಹುಬ್ಬು ಏರಿಸಿದರು. 1954ರಲ್ಲಿ ಬಂದ ಮಾರ್ಕ್ ಆರು ಎಂಬ ಮಾದರಿಯದ್ದು, ಅರವತ್ತರ ದಶಕದ ಕೊನೆಯ ಸಂಖ್ಯೆ. ನನಗೆ ಅಲ್ಲಿಯೇ ಎದ್ದು ನೆಂಟರ ಗುಂಪಿಗೆ ಸಂದೇಶ ಕಳಿಸಬೇಕೆನ್ನಿಸಿತು. ಅವರು ಕೈ ತಡೆದರು. ಬೆರಳಿನಿಂದ ಚಿತ್ರವನ್ನು ಮೇಲಕ್ಕೆ ಸರಿಸಿ, ಊದುವ ತುದಿಯ ಬಾಗಿದ ಕೊಳವೆ ತೋರಿಸಿದರು. ಮಾವ ಅದನ್ನು ಕತ್ತು ಎನ್ನುತ್ತಾರೆ, ಇವರು ‘ಬೋಕಾಲ್’ ಎಂದರು. ಅದರ ಮೇಲೆ ಇರಬೇಕಾದ ಗುರುತು ಇಲ್ಲ, ಮೇಲಿನ ಸ್ಥಾಯಿಯ ಕೀಲಿಯ ಬಾಗು ಬೇರೆ. “ಒಡಲು ನಮ್ಮದು. ಕತ್ತು ಯಾರದೋ” ಎಂದು ತಂಗಿ ಅನುವಾದಿಸಿದಳು. ಎರಡೂ ಪಕ್ಷ ಗೆದ್ದ ಹಾಗಾಯಿತು.

ಬೇಸರ ಮರೆಸಲೆಂದು ನನ್ನ ಚೀಲದಿಂದ ರೀಡಿನ ಪೆಟ್ಟಿಗೆ ತೆಗೆದು, ನೋಡಿ ಮಾವನಿಗೆ ತೆಗೆದುಕೊಂಡೆ ಎಂದೆ. ಅವರು ಪೆಟ್ಟಿಗೆ ತಿರುಗಿಸಿ ನೋಡಿ ತಂಗಿಗೆ ಮೆಲ್ಲಗೆ ಏನೋ ಹೇಳಿದರು. ತಂಗಿ ಬಾಯಿಗೆ ಕೈ ಅಡ್ಡ ಹಿಡಿದಳು. ನಾಲ್ಕೂ ಪೆಟ್ಟಿಗೆ ಆಲ್ಟೊಗಿಂತ ದೊಡ್ಡದಾದ ಟೆನರ್ ಸ್ಯಾಕ್ಸೊಫೋನಿನದ್ದು. ನಂಬರ್ ಒಂದನ್ನೇ ನೋಡಿದ್ದೆ, ಹೆಸರು ಓದಿರಲಿಲ್ಲ.

ಕೊನೆಗೆ ವಿಡಿಯೊ ತೋರಿಸಿದೆ. ಹಲಸಿನ ಮರದ ಕೆಳಗೆ ಚಪ್ಪರ, ಪಕ್ಕದಲ್ಲಿ ಡೋಲು, ಮಾವ ಕಣ್ಣು ಮುಚ್ಚಿ ಕಲ್ಯಾಣಿ. ಅಂಗಡಿಯಾತ ಕಾಫಿ ಯಂತ್ರ ನಿಲ್ಲಿಸಿ ಹತ್ತಿರ ಬಂದ. ಹಿರಿಯರು ಮೊಬೈಲನ್ನು ಕಿವಿಗೆ ಹಿಡಿದು, ಮತ್ತೆ ಕಣ್ಣಿಗೆ ಹಿಡಿದು, ಮೂರು ಸಲ ಹಾಕಿಸಿ ನೋಡಿದರು. ಮಧ್ಯಮದಿಂದ ಪಂಚಮಕ್ಕೆ ಮಾವ ಜಾರುವ ಜಾಗ ಬಂದಾಗಲೆಲ್ಲ ಅವರ ಬೆರಳು ಮೇಜಿನ ಮೇಲೆ ಅಲ್ಲಾಡದೆ ನಿಲ್ಲುತ್ತಿತ್ತು. ಕೊನೆಗೆ ಅವರು ಹೇಳಿದ್ದರ ಸಾರ ಇಷ್ಟು: ರಂಧ್ರಗಳು ಕೂದಲೆಳೆಯಷ್ಟೂ ಆಚೀಚೆ ಆಗಬಾರದೆಂದು ನಾವು ಜೀವ ತೇಯುತ್ತೇವೆ, ಈ ಮನುಷ್ಯ ಎರಡು ರಂಧ್ರಗಳ ನಡುವೆ ವಾಸ ಮಾಡುತ್ತಾನೆ. ಹೊಗಳಿಕೆಯೋ ದೂರೋ ತಂಗಿಗೂ ತಿಳಿಯಲಿಲ್ಲ. ಎದ್ದು ಹೋಗುವಾಗ ನಮ್ಮ ಕಾಫಿಯ ದುಡ್ಡು ಅವರೇ ಕೊಟ್ಟಿದ್ದರು.

ನಾಲ್ಕನೆಯ ದಿನ: ಚೆಲುವೆ ಮಾಂತ್, ಮಳೆಯಲ್ಲಿ

ಹಳಿಯ ಈಚೆಗೂ ನೋಡಬೇಕಲ್ಲ ಎಂದು ಮರುದಿನ ಮಾಂತ್-ಲಾ-ಜೋಲಿಗೆ ಹೋದೆವು. ಸೀನ್ ದಂಡೆಯ ಮೇಲೆ ಎರಡು ಗೋಪುರಗಳ ದೊಡ್ಡ ಚರ್ಚು, ಪ್ಯಾರಿಸಿನ ನೋತ್ರ್-ದಾಮ್ ಕಟ್ಟುತ್ತಿದ್ದ ಕಾಲದಲ್ಲಿಯೇ ಎದ್ದದ್ದು. ಇಂಗ್ಲೆಂಡನ್ನು ಗೆದ್ದ ವಿಲಿಯಂ 1087ರಲ್ಲಿ ಈ ಊರಿಗೆ ಬೆಂಕಿ ಇಟ್ಟ, ಇಲ್ಲಿಯೇ ಪೆಟ್ಟಾಗಿ ರುವಾಂನಲ್ಲಿ ಸತ್ತ. ಲಿಮೆಯ ಕಡೆಗೆ ಹೋಗುವ ಹಳೆಯ ಕಲ್ಲುಸೇತುವೆ ಅರ್ಧ ಉಳಿದಿದೆ. ಕೊರೋ ಎಂಬ ಕಲಾವಿದ ಚಿತ್ರಿಸಿದ ಮಾಂತ್ ಸೇತುವೆ ಲೂವ್ರ್‌ನಲ್ಲಿ ಇಡಿಯಾಗಿ ನಿಂತಿದೆ. ಇಲ್ಲಿ ಕಮಾನು ತುಂಡಾದ ಕಡೆ ಬಾತುಕೋಳಿ. ಬಿಡದೆ ಮಳೆ. ಸಂಜೆ ಬೇಗ ಮನೆಗೆ ಬಂದು ಸಾರು-ಅನ್ನ ಉಂಡೆವು.

ಐದನೆಯ ದಿನ: ಮರದ ಊರು

ಶನಿವಾರ ಭಾವನಿಗೆ ರಜೆ. ಕಾರಿನಲ್ಲಿ ಮಾಂತ್ ದಾಟಿ ನೈಋತ್ಯಕ್ಕೆ, ಪ್ಯಾರಿಸ್ ಪ್ರಾಂತ್ಯದ ಗಡಿ ಮೀರಿ ನಾರ್ಮಂಡಿಯೊಳಗೆ ಲಾ ಕುತ್ಯೂರ್-ಬುಸ್ಸೆ ಎಂಬ ಹಳ್ಳಿಗೆ ಹೋದೆವು. ಮಾಂತ್‌ನಲ್ಲಿ ಕಾರ್ಖಾನೆಗಳು ಯಾಕೆ ಬಂದು ಕೂತವು ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ಹೊಲಗಳ ನಡುವಿನ ಹಳ್ಳಿಯಲ್ಲಿದೆ. ಊದುವ ಮರದ ವಾದ್ಯಗಳನ್ನು ಇಲ್ಲಿ ನಾನ್ನೂರು ವರ್ಷಗಳಿಂದ ಕಡೆಯುತ್ತಿದ್ದಾರೆ. ಸುತ್ತಲಿನ ಕಾಡಿನಲ್ಲಿ ‘ಬ್ವೀ’ ಎಂಬ ಹಳದಿಯ, ನಯವಾದ, ಗಟ್ಟಿ ಮರ ಸಿಗುತ್ತಿತ್ತು. ಚಳಿಗಾಲದಲ್ಲಿ ಹೊಲದ ಕೆಲಸ ಇರಲಿಲ್ಲ. ಚನ್ನಪಟ್ಟಣದವರಿಗೆ ಹಾಲೆಮರ ಸಿಕ್ಕ ಹಾಗೆ ಇವರಿಗೆ ಅದು ಸಿಕ್ಕಿತು. ಅಲ್ಲಿ ಬಣ್ಣದ ಗೊಂಬೆ ಹುಟ್ಟಿತು, ಇಲ್ಲಿ ಕೊಳಲು, ಓಬೊ. ಹದಿನಾಲ್ಕನೆಯ ಲೂಯಿಯ ಆಸ್ಥಾನದಲ್ಲಿ ಊದಿದ, ಓಬೊ ಕೊಳಲುಗಳನ್ನು ತಿದ್ದಿ ಬೆಳೆಸಿದ ಓತೆತ್ಯೆರ್ ಮನೆತನದ ಬೇರು ಈ ಹಳ್ಳಿಯದು.

1888ರಲ್ಲಿ ಇಲ್ಲಿನ ಕುಶಲಿಗಳೇ ಸೇರಿ ಕಟ್ಟಿದ ಸಂಗ್ರಹಾಲಯ ಇದೆ. ರಾಜನೂ ಅಲ್ಲ, ಸರ್ಕಾರವೂ ಅಲ್ಲ, ಕಡೆಯುವವರು ತಾವು ಮಾಡಿದ್ದನ್ನು ತಮ್ಮ ಮುಂದಿನವರಿಗೆ ಎತ್ತಿಟ್ಟದ್ದು. ಪ್ಯಾರಿಸಿನ ಸಂಗ್ರಹಾಲಯದಲ್ಲಿ ನನಗೆ ಬೆರಗಾಗಿತ್ತು. ಇಲ್ಲಿ ಸಲುಗೆಯಾಯಿತು. ನಾನು ಹೆಚ್ಚು ಹೊತ್ತು ನಿಂತದ್ದು ಉಳಿಗಳ ಮುಂದೆ. ಹಿಡಿಕೆಯಲ್ಲಿ ಹೆಬ್ಬೆರಳು ಕೂರುವ ಕಡೆ ಸವೆದು ತಗ್ಗು ಬಿದ್ದಿತ್ತು.

ಬ್ವೀ ಮರದ ಕಾಲ ಮುಗಿದ ಮೇಲೆ ಬಂದದ್ದು ಆಫ್ರಿಕದ ಕರಿಮರ. ತಾಂಜಾನಿಯಾ, ಮೊಜಾಂಬಿಕ್ ಕಡೆಯದ್ದು. ಸ್ವಾಹಿಲಿಯಲ್ಲಿ ಅದಕ್ಕೆ ಎಂಪಿಂಗೊ ಎನ್ನುತ್ತಾರೆ. ನೀರಿಗೆ ಹಾಕಿದರೆ ಮುಳುಗುವಷ್ಟು ಭಾರ, ಬಲಿಯಲು ಎಪ್ಪತ್ತು ವರ್ಷಕ್ಕೂ ಹೆಚ್ಚು ಬೇಕು. ಚೌಕದ ತುಂಡುಗಳಾಗಿ ಸೀಳಿ, ವರ್ಷಗಟ್ಟಲೆ ಒಣಗಿಸಿ, ತೂತು ಹೊಡೆದು, ಮತ್ತೆ ವಿಶ್ರಾಂತಿ ಕೊಟ್ಟು, ಆಮೇಲಷ್ಟೇ ಒಳಮೈಯನ್ನು ಅಳತೆಗೆ ಹೆರೆಯುತ್ತಾರೆ. ಹೊಸ ಕ್ಲಾರಿನೆಟ್ಟನ್ನು ಮೊದಲ ವಾರಗಳಲ್ಲಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಊದಬೇಕು. ಒಳಗಿನ ಉಸಿರಿನ ತೇವಕ್ಕೆ ಹಿಗ್ಗಿ ಸೀಳು ಬಿಡುವ ಭಯ.

ಈ ಮರದ ಶಾಸ್ತ್ರೀಯ ಹೆಸರನ್ನು ಭಾವ ಮೊಬೈಲಿನಲ್ಲಿ ತೆಗೆದು ಓದಿದಾಗ ನಾನು ಬೆಚ್ಚಿದೆ. ಡಾಲ್ಬರ್ಜಿಯಾ. ನಮ್ಮ ಬೀಟೆಯ ಕುಲ! ಅಜ್ಜನ ಮನೆಯ ಮಂಚ, ಹೊಸಿಲು, ಉಪ್ಪಿನ ಮರಿಗೆಯ ಮುಚ್ಚಳ, ಎಲ್ಲ ಬೀಟೆಯದ್ದು. 2017ರಲ್ಲಿ ಈ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಗೆ ಸೇರಿದಾಗ ಮಾಂತ್‌ನ ಪ್ರತಿ ಕ್ಲಾರಿನೆಟ್ಟಿಗೂ ಗಡಿ ದಾಟಲು ಕಾಗದಪತ್ರ ಬೇಕಾಯಿತು. ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರಲ್ಲಿ. ಅಷ್ಟರಲ್ಲಿ ಕರಿಮರದ ಪುಡಿಯನ್ನು ಇಂಗಾಲದ ನಾರಿನೊಡನೆ ಅಂಟಿಸಿ ಮಾಡಿದ, ಸೀಳದ ಕ್ಲಾರಿನೆಟ್ಟುಗಳನ್ನೂ ಬುಫೆ ಮಾರುತ್ತಿತ್ತು. ಲೇತಿನ ಕೆಳಗೆ ಬಿದ್ದ ಪುಡಿಯನ್ನೂ ಬಿಡದೆ ಬಳಸುವ ಈ ಜಾಣತನ ನಮ್ಮ ಅಡುಗೆಮನೆಯವರಿಗೆ ಅರ್ಥವಾಗುವಂಥದ್ದು.

ಆರನೆಯ ದಿನ

ಬೆಳಿಗ್ಗೆ ಲೆಪಿಕ್ ರಸ್ತೆಯ ಏರನ್ನು ಇನ್ನೊಮ್ಮೆ ಹತ್ತುವ ಯೋಚನೆಯಿತ್ತು, ಆದರೆ ಭಾನುವಾರ. ಸೋಮವಾರ ವಿಮಾನಕ್ಕೆ ಮುಂಚೆ ಹೋಗುವುದೆಂದಾಯಿತು. ಮಧ್ಯಾಹ್ನ ಮಾವನಿಗೆ ವಿಡಿಯೊ ಕರೆ ಮಾಡಿದೆ. ಅಲ್ಲಿ ಸಂಜೆ, ಜಗಲಿಯಲ್ಲಿ ಕೂತಿದ್ದರು. ಪೀಠಿಕೆ ಹಾಕಿ, ಕೆಮ್ಮಿ, ತೀರ್ಪು ಹೇಳಿದೆ: ಒಡಲು ಅಸಲಿ, ಪ್ಯಾರಿಸ್ ಎಂದು ಬರೆದಿದ್ದರೂ ಮಾಂತ್-ಲಾ-ವಿಲ್ ಎಂಬಲ್ಲಿ ಮಾಡಿದ್ದು. ಕತ್ತು ಮಾತ್ರ ಅವರದ್ದಲ್ಲವಂತೆ.

ಮಾವ ನಕ್ಕ ನಗುವಿಗೆ ಅತ್ತೆ ಒಳಗಿನಿಂದ ಹೊರಬಂದರು.

“ಅದು ನನಗೆ ಗೊತ್ತಿಲ್ಲವಾ? ವಿಟ್ಲದ ಜಾತ್ರೆಯಿಂದ ಬರುವಾಗ ರಿಕ್ಷಾದಿಂದ ಬಿದ್ದು ಮೂಲ ಕತ್ತು ಚಪ್ಪಟೆಯಾಯಿತು. ಮೀರತ್‌ನದ್ದು ತರಿಸಿ ನಾನೇ ಹಾಕಿಸಿದ್ದು. ಒಂದು ಮಾತು ಹೇಳುತ್ತೇನೆ ಕೇಳು, ಆ ಕತ್ತು ಹಾಕಿದ ಮೇಲೆಯೇ ಕಲ್ಯಾಣಿಯ ಮಧ್ಯಮ ಸರಿಯಾಗಿ ಬಗ್ಗಲಿಕ್ಕೆ ಶುರುವಾದದ್ದು.”

“ಮತ್ತೆ ನನ್ನನ್ನು ಯಾಕೆ ಕಳಿಸಿದಿರಿ ಮಾವ?”

“ಒಡಲಿನ ಬಗ್ಗೆ ಸಂಶಯ ಇತ್ತು ಮಾರಾಯಾ” ಎಂದರು. ಆಮೇಲೆ ಸ್ವಲ್ಪ ತಡೆದು, “ವಿಡಿಯೊ ನೋಡಿ ಅವರು ಏನೆಂದರು?”

ಎರಡು ರಂಧ್ರಗಳ ನಡುವಿನ ವಾಸದ ಮಾತು ಹೇಳಿದೆ. ಮಾವ ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದವರು ಕೈ ತಡೆದು ಅಂಗಳದ ಕಡೆ ನೋಡಿದರು. ಏನೂ ಹೇಳಲಿಲ್ಲ. ಮತ್ತೆ ಮೊಬೈಲಿನ ಕಡೆ ತಿರುಗಿ ಕೇಳಿದರು:

“ರೀಡ್ ಆಲ್ಟೊದ್ದೇ ತೆಗೆದುಕೊಂಡೆ ತಾನೆ?”